ಫುಟ್‌ಬಾಲ್ ಹುಡುಗರ 40 ಗಜದ ಟೈಮಿಂಗ್: ಎಷ್ಟು ನಂಬಬೇಕು?

ಪ್ರಶ್ನೆ: ನಾವು ಮೂಲತಃ ದಾವಣಗೆರೆಯವರು, ಈಗ ಟೆಕ್ಸಸ್‌ನ ಫ್ರಿಸ್ಕೋದಲ್ಲಿದ್ದೇವೆ. ಮಗನಿಗೆ 17 ವರ್ಷ. ಹೈಸ್ಕೂಲ್ ತಂಡದಲ್ಲಿ ಅಮೆರಿಕನ್ ಫುಟ್‌ಬಾಲ್ ಆಡುತ್ತಾನೆ, ಲೈನ್‌ಬ್ಯಾಕರ್. ಕಾಲೇಜು ತಂಡಗಳಿಗೆ ಕಳಿಸುವ ಅವನ ಪ್ರೊಫೈಲ್‌ನಲ್ಲಿ 40 ಗಜದ ಓಟ 4.48 ಸೆಕೆಂಡ್ ಅಂತ ಇದೆ. ಅದು ಸ್ಕೂಲಿನಲ್ಲಿ ಸ್ಟಾಪ್‌ವಾಚ್ ಹಿಡಿದು ತೆಗೆದದ್ದು. ಹೋದ ತಿಂಗಳು ಒಂದು ಕ್ಯಾಂಪಿನಲ್ಲಿ ಲೇಸರ್ ಇಟ್ಟು ಓಡಿಸಿದರು, 4.74 ಬಂತು. ಟ್ರ್ಯಾಕ್‌ನಲ್ಲಿ 100 ಮೀಟರ್ 11.24 ಓಡಿದ್ದಾನೆ. ಕ್ಯಾಂಪಿನಿಂದ ಬಂದ ಮೇಲೆ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಸ್ಕೂಲಿನವರು ಸುಳ್ಳು ಬರೆದರಾ? ಲೇಸರ್ ಕೆಟ್ಟಿತ್ತಾ? ಈಗ ಪ್ರೊಫೈಲ್‌ನಲ್ಲಿ ಯಾವುದನ್ನು ಹಾಕೋದು? ಎಲ್ಲರೂ ಕಡಿಮೆ ಮಾಡಿಯೇ ಹಾಕುತ್ತಾರಂತೆ. ನಾವೊಬ್ಬರು ನಿಜ ಹೇಳಿ ಮಗನ ಅವಕಾಶ ಕೆಡಿಸಿದ ಹಾಗೆ ಆಗೋದಿಲ್ವಾ?

ಉತ್ತರ: ಮೊದಲು ಹುಡುಗನಿಗೆ ಊಟ ಮಾಡೋಕೆ ಹೇಳಿ. ಅವನ ಓಟ ನಿಧಾನ ಆಗಿಲ್ಲ. ಗಡಿಯಾರ ಶುರುವಾದ ರೀತಿ ಬೇರೆ, ಅಷ್ಟೇ. ಸ್ಕೂಲಿನವರು ಸುಳ್ಳು ಬರೆದಿರಲಿಕ್ಕಿಲ್ಲ. ಲೇಸರ್ ಕೂಡ ಕೆಟ್ಟಿರಲಿಕ್ಕಿಲ್ಲ. ನೀವು ಕೊಟ್ಟ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಮೂರೂ ಹೆಚ್ಚುಕಡಿಮೆ ಒಂದೇ ವೇಗವನ್ನು ಹೇಳುತ್ತಿವೆ. ಹೇಗೆ ಅಂತ ಲೆಕ್ಕ ಮಾಡಿಯೇ ತೋರಿಸುತ್ತೇನೆ.

ಈ ಆಟ ಗೊತ್ತಿಲ್ಲದ ಓದುಗರಿಗೆ ಎರಡು ಮಾತು. ಲೈನ್‌ಬ್ಯಾಕರ್ ಅಂದರೆ ರಕ್ಷಣೆಯ ಮೊದಲ ಸಾಲಿನ ಹಿಂದೆ ನಿಂತು, ಚೆಂಡು ಹಿಡಿದು ಬರುವವನನ್ನು ತಡೆಯುವ ಆಟಗಾರ. ಅಮೆರಿಕದಲ್ಲಿ ಫುಟ್‌ಬಾಲ್ ಹುಡುಗನ ವೇಗವನ್ನು 40 ಗಜದ ಓಟದಲ್ಲಿ ಅಳೆಯುತ್ತಾರೆ. ಅಂದರೆ 36.58 ಮೀಟರ್. ಒಂದು ಕೈ ನೆಲಕ್ಕೆ ಊರಿ ಬಗ್ಗಿ ನಿಂತು, ಮನಸ್ಸಾದಾಗ ಓಡಬಹುದು. ಗುಂಡು, ಸೀಟಿ ಯಾವುದೂ ಇಲ್ಲ. ಈ ದೂರವನ್ನು ಹಳೆಯ ಕೋಚ್ ಪಾಲ್ ಬ್ರೌನ್ ಬಳಕೆಗೆ ತಂದರು, ಪಂಟ್ ಮಾಡಿದ (ಕೈಯಿಂದ ಬಿಟ್ಟು ಒದ್ದ) ಚೆಂಡು ಸುಮಾರು ಅಷ್ಟು ದೂರ ಹೋಗುತ್ತದೆ ಅನ್ನೋದೇ ಕಾರಣ ಎಂದು ಹೇಳುತ್ತಾರೆ. ಕಾಲೇಜು ಮುಗಿಸಿದ ಹುಡುಗರನ್ನು ವೃತ್ತಿಪರ ತಂಡಗಳು ಪರೀಕ್ಷಿಸುವ ಎನ್‌ಎಫ್‌ಎಲ್ ಕಂಬೈನ್ 1987ರಿಂದ ಇಂಡಿಯಾನಾಪೊಲಿಸ್‌ನಲ್ಲಿ ನಡೆಯುತ್ತಿದೆ. ಅಲ್ಲಿ ಈ ಓಟ ಟಿವಿಯಲ್ಲಿ ಬರುತ್ತದೆ. ಹಾಗಾಗಿ ಹೈಸ್ಕೂಲ್ ಹುಡುಗರಿಗೂ ಈ ಅಂಕಿ ಜಾತಕದ ಥರ ಅಂಟಿಕೊಂಡಿದೆ.

ಈಗ ಟ್ರ್ಯಾಕ್‌ನಲ್ಲಿ ಏನು ಮಾಡುತ್ತಾರೆ ನೋಡಿ. ಗುಂಡು ಹಾರಿದ ಕ್ಷಣಕ್ಕೆ ಗಡಿಯಾರ ತಾನಾಗಿಯೇ ಶುರು. ಎದೆ ಗೆರೆ ದಾಟಿದ ಕ್ಷಣವನ್ನು ಫೋಟೊ ಫಿನಿಶ್ ಕ್ಯಾಮೆರಾ ಹಿಡಿಯುತ್ತದೆ. ನಡುವೆ ಮನುಷ್ಯನ ಬೆರಳಿಗೆ ಕೆಲಸವೇ ಇಲ್ಲ. ಹಿಂದಿನಿಂದ ಗಾಳಿ ಸೆಕೆಂಡಿಗೆ 2 ಮೀಟರಿಗಿಂತ ಜಾಸ್ತಿ ಬೀಸಿದರೆ ದಾಖಲೆಗೆ ಆ ಓಟ ಲೆಕ್ಕಕ್ಕಿಲ್ಲ. 1984ರ ಲಾಸ್ ಏಂಜಲೀಸ್‌ನಲ್ಲಿ ಪಿ.ಟಿ. ಉಷಾ 55.42, ಮೂರನೆಯವಳು 55.41. ಒಂದು ಸೆಕೆಂಡಿನ ನೂರನೇ ಒಂದು ಪಾಲಿಗೆ ಕಂಚು ಹೋಯಿತು ಅಂತ ನಾವು ಇಂದಿಗೂ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳೋಕೆ ಆಗುತ್ತಿರುವುದು ಆ ನೂರನೇ ಪಾಲನ್ನು ಅಳೆಯುವ ಯಂತ್ರ ಅಲ್ಲಿ ಇತ್ತು ಅನ್ನೋ ಕಾರಣಕ್ಕೆ.

ಟ್ರ್ಯಾಕ್‌ನವರು ಸ್ಟಾಪ್‌ವಾಚ್ ಬಳಸುವುದೇ ಇಲ್ಲ ಅಂತಲ್ಲ. ಬಳಸಿದರೂ ಅದಕ್ಕೊಂದು ಶಿಸ್ತಿದೆ. ಟೈಮ್‌ಕೀಪರ್ ಗುಂಡಿನ ಸದ್ದು ಕೇಳಿ ಒತ್ತುವ ಹಾಗಿಲ್ಲ, ಹೊಗೆ ಅಥವಾ ಬೆಳಕು ನೋಡಿ ಒತ್ತಬೇಕು. ಮೂವರು ವಾಚ್ ಹಿಡಿದಿದ್ದು, ಮೂವರದೂ ಬೇರೆ ಬೇರೆ ಬಂದರೆ ನಡುವಿನದನ್ನು ತೆಗೆದುಕೊಳ್ಳಬೇಕು. ಇನ್ನೂ ಒಂದು ಇದೆ, ಇದು ನನಗೆ ಬಹಳ ಇಷ್ಟ. ಕೈ ವಾಚಿನಲ್ಲಿ 10.11 ಬಂದರೆ ಅದನ್ನು 10.2 ಅಂತ ಬರೆಯಬೇಕು. ಮೇಲಕ್ಕೇ ಏರಿಸಬೇಕು, ಇಳಿಸುವ ಹಾಗಿಲ್ಲ. ಬೆರಳಿಗೆ ನೂರನೇ ಪಾಲನ್ನು ಹಿಡಿಯುವ ಶಕ್ತಿ ಇಲ್ಲ ಅಂತ ನಿಯಮವೇ ಒಪ್ಪಿಕೊಂಡಿದೆ. ಫುಟ್‌ಬಾಲ್‌ನಲ್ಲಿ ಇದೆಲ್ಲ ತಲೆಕೆಳಗು. ಒಬ್ಬರೇ ಒತ್ತಿದ ವಾಚಿನ 4.48 ಅನ್ನು 4.48 ಅಂತಲೇ ಬರೆಯುತ್ತಾರೆ. ಟ್ರ್ಯಾಕ್‌ನ ನಿಯಮದಲ್ಲಿ ನಿಮ್ಮ ಮಗನ ಅದೇ ಓಟ 4.5 ಆಗುತ್ತಿತ್ತು. ಗುಂಪಿನಲ್ಲಿ ಯಾರಾದರೂ ಸ್ವಲ್ಪ ಧಾರಾಳಿ ಇದ್ದರೆ ಅದು 4.4 ಆಗಿ ಊರೆಲ್ಲ ಸುತ್ತುತ್ತದೆ.

ಕೈ ವಾಚು ಯಾಕೆ ಯಾವಾಗಲೂ ಕಡಿಮೆಯೇ ತೋರಿಸುತ್ತದೆ? ನಾನೂ ವರ್ಷಗಟ್ಟಲೆ ಗೆರೆಯ ಪಕ್ಕ ವಾಚ್ ಹಿಡಿದು ನಿಂತವನು, ಅದರ ಮರ್ಮ ಬೆರಳಿಗೆ ಗೊತ್ತು. ಹುಡುಗ ಯಾವಾಗ ಏಳುತ್ತಾನೆ ಅಂತ ನಮಗೆ ಗೊತ್ತಿಲ್ಲ. ಅವನು ಅಲುಗಿದ್ದು ಕಣ್ಣಿಗೆ ಬಿದ್ದು, ಬೆರಳು ಒತ್ತುವಷ್ಟರಲ್ಲಿ ಸುಮಾರು 0.2 ಸೆಕೆಂಡ್ ಹೋಗಿರುತ್ತದೆ. ಅಷ್ಟು ಹೊತ್ತು ಅವನು ಬಿಟ್ಟಿ ಓಡಿದ. ಮುಗಿಸುವಾಗ ಕತೆ ಬೇರೆ. ಅವನು ಬರುವುದು ದೂರದಿಂದಲೇ ಕಾಣುತ್ತದೆ, ಬೆರಳು ತಯಾರಾಗಿರುತ್ತದೆ, ಗೆರೆ ಮುಟ್ಟುವಾಗಲೇ ಒತ್ತಿಬಿಡುತ್ತೇವೆ. ಒಮ್ಮೊಮ್ಮೆ ಮುಟ್ಟುವ ಮುಂಚೆಯೇ. ಶುರುವಿನಲ್ಲಿ ತಡ, ಕೊನೆಯಲ್ಲಿ ಬೇಗ. ಎರಡೂ ಹುಡುಗನ ಪರವಾಗಿಯೇ ಬೀಳುತ್ತವೆ. ಒಂದು ತಪ್ಪು ಈ ಕಡೆ, ಒಂದು ತಪ್ಪು ಆ ಕಡೆ ಆಗಿ ಸರಿದೂಗುವುದಿಲ್ಲ.

ಅದಕ್ಕೇ 100 ಮೀಟರಿನ ಹಳೆಯ ಕೈ ಟೈಮಿಂಗುಗಳನ್ನು ಈಗಿನ ಎಲೆಕ್ಟ್ರಾನಿಕ್ ಟೈಮಿಂಗಿನ ಜೊತೆ ಹೋಲಿಸುವಾಗ 0.24 ಕೂಡಿಸುವುದು ರೂಢಿ. ನಿಮ್ಮ ಮಗನ ಎರಡು ಅಂಕಿಗಳ ನಡುವಿನ ಅಂತರ ಎಷ್ಟು? 4.74ರಲ್ಲಿ 4.48 ಕಳೆದರೆ 0.26. ಟ್ರ್ಯಾಕ್‌ನವರು ಐವತ್ತು ವರ್ಷದಿಂದ ಹೇಳುತ್ತಿರುವುದೂ ಹತ್ತಿರ ಹತ್ತಿರ ಅಷ್ಟೇ.

ಹಳೆಯ ಉದಾಹರಣೆ ಒಂದು ಕೊಡುತ್ತೇನೆ. 1968ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಜಿಮ್ ಹೈನ್ಸ್ 100 ಮೀಟರನ್ನು 9.9 ಸೆಕೆಂಡಿನಲ್ಲಿ ಓಡಿದ. ಕೈ ವಾಚಿನ ವಿಶ್ವದಾಖಲೆ. ಅದೇ ಓಟಕ್ಕೆ ಎಲೆಕ್ಟ್ರಾನಿಕ್ ಗಡಿಯಾರ ತೋರಿಸಿದ್ದು 10.03. ಅಲ್ಲಿ ವಾಚ್ ಹಿಡಿದವರು ಪಳಗಿದ ಕೈಗಳು, ಕಣ್ಣೆದುರು ಗುಂಡು ಹಾರಿದೆ. ಆದರೂ ಇಷ್ಟು ವ್ಯತ್ಯಾಸ. ನಂತರ ಮೆಕ್ಸಿಕೊ ಒಲಿಂಪಿಕ್ಸ್‌ನಲ್ಲಿ ಅವನು ಯಂತ್ರದ ಗಡಿಯಾರದಲ್ಲೇ 9.95 ಓಡಿ ತೋರಿಸಿದ, ಅದು ಬೇರೆ ಮಾತು. 1977ರಿಂದ ಇಂಥ ಓಟಗಳ ವಿಶ್ವದಾಖಲೆಗೆ ಕೈ ವಾಚು ನಡೆಯುವುದೇ ಇಲ್ಲ. ಫುಟ್‌ಬಾಲ್ ಮೈದಾನಕ್ಕೆ ಆ ಸುದ್ದಿ ಇನ್ನೂ ಪೂರ್ತಿ ಮುಟ್ಟಿಲ್ಲ ಅನ್ನಿಸುತ್ತದೆ.

ಹಾಗಾದರೆ ಲೇಸರ್ ಅಂದರೆ ಮುಗಿದೇ ಹೋಯ್ತಾ? ಇಲ್ಲ. ಅಲ್ಲೂ ಕೇಳಬೇಕಾದ ಮಾತು ಒಂದೇ: ಗಡಿಯಾರ ಶುರು ಮಾಡಿದ್ದು ಯಾರು? ಕೆಲವು ಕಡೆ ನೆಲದ ಮೇಲೆ ಒಂದು ಪ್ಯಾಡ್ ಇಡುತ್ತಾರೆ. ಹುಡುಗ ಅದರ ಮೇಲೆ ಊರಿದ ಕೈ ಎತ್ತಿದಾಗ ಗಡಿಯಾರ ಶುರು. ಆದರೆ ಓಟಗಾರನ ಮೈ ಕೈಗಿಂತ ಮೊದಲೇ ಹೊರಟಿರುತ್ತದೆ. ಸೊಂಟ ಏಳುತ್ತದೆ, ಭಾರ ಮುಂದಕ್ಕೆ ಬರುತ್ತದೆ, ಕೊನೆಗೆ ಕೈ ಬಿಡುತ್ತದೆ. ಇದನ್ನು ಹುಡುಗರಿಗೆ ಬೇಕೆಂದೇ ಕಲಿಸುವ ಟ್ರೇನರ್‌ಗಳಿದ್ದಾರೆ. ಇನ್ನು ಕೆಲವು ಕಡೆ ಶುರುವಿನ ಗೆರೆಯಲ್ಲೂ ಒಂದು ಬೆಳಕಿನ ಕಿರಣ ಇರುತ್ತದೆ. ಅದನ್ನು ಗೆರೆಯಿಂದ ಒಂದು ಹೆಜ್ಜೆ ಮುಂದಕ್ಕೆ ಇಟ್ಟರೋ, ಓಟದ ಅತ್ಯಂತ ನಿಧಾನವಾದ ಭಾಗವೇ ಲೆಕ್ಕದಿಂದ ಹೊರಗೆ. ಮುಗಿಯುವ ಕಡೆ ಒಂದೇ ಕಿರಣ ಇದ್ದರೆ ಚಾಚಿದ ಕೈ ಎದೆಗಿಂತ ಮೊದಲೇ ಅದನ್ನು ಕಡಿಯಬಹುದು. ಯಂತ್ರ ಸುಳ್ಳು ಹೇಳೋದಿಲ್ಲ, ಆದರೆ ಅದನ್ನು ಎಲ್ಲಿ ನಿಲ್ಲಿಸಿದರೋ ಅಲ್ಲಿಯ ನಿಜವನ್ನಷ್ಟೇ ಹೇಳುತ್ತದೆ.

ಎನ್‌ಎಫ್‌ಎಲ್ ಕಂಬೈನ್‌ನ ಕತೆ ಕೇಳಿದರೆ ನಿಮಗೆ ಆಶ್ಚರ್ಯ ಆಗಬಹುದು. ಟಿವಿಯಲ್ಲಿ ಕಾಣುವ ಆ ಅಧಿಕೃತ ಅಂಕಿಯ ಅರ್ಧ ಮಾತ್ರ ಎಲೆಕ್ಟ್ರಾನಿಕ್. ಕೊನೆಯಲ್ಲಿ ಗಡಿಯಾರ ನಿಲ್ಲಿಸುವುದು ಕಿರಣ. ಶುರು ಮಾಡುವುದು ಆಟಗಾರ ಅಲುಗಿದ್ದನ್ನು ನೋಡಿ ಗುಂಡಿ ಒತ್ತುವ ಒಬ್ಬ ಮನುಷ್ಯ. 2024ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಝೇವಿಯರ್ ವರ್ದಿ ಓಡಿದ 4.21 ಅಲ್ಲಿನ ದಾಖಲೆ. ಅದಕ್ಕೆ ಮೊದಲು 2017ರ ಜಾನ್ ರಾಸ್ 4.22, ಅದಕ್ಕೂ ಮೊದಲು 2008ರ ಕ್ರಿಸ್ ಜಾನ್ಸನ್ 4.24. ಈ ಮೂರನ್ನೂ ಒಂದರ ಜೊತೆ ಒಂದು ಹೋಲಿಸಬಹುದು, ಅಳೆದ ವಿಧಾನ ಒಂದೇ. ಆದರೆ ಇವನ್ನು ಟ್ರ್ಯಾಕ್‌ನ ಅಂಕಿಯ ಜೊತೆ ಹೋಲಿಸಿದರೆ ತಮಾಷೆ ಆಗುತ್ತದೆ. 1986ರಲ್ಲಿ ಬೋ ಜಾಕ್ಸನ್ 4.12 ಓಡಿದ ಅನ್ನುವ ದಂತಕತೆಯನ್ನಂತೂ ಬಿಟ್ಟೇಬಿಡಿ, ಅದು ಪೂರ್ತಿ ಕೈ ವಾಚಿನ ಕಾಲ.

ಹೋಲಿಸಿದರೆ ಏನಾಗುತ್ತದೆ ಅಂತ ನೋಡೋಣ. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ 9.58 ಓಡಿದಾಗ ಪ್ರತಿ 10 ಮೀಟರಿಗೂ ಅಳೆದಿದ್ದರು. 30 ಮೀಟರಿಗೆ 3.78, 40 ಮೀಟರಿಗೆ 4.64. ನಮಗೆ ಬೇಕಾದದ್ದು 36.58 ಮೀಟರ್. ಈ ಎರಡರ ನಡುವೆ ಲೆಕ್ಕ ಹಾಕಿದರೆ ಸುಮಾರು 4.35 ಬರುತ್ತದೆ. ಅದರಲ್ಲಿ ಗುಂಡು ಕೇಳಿ ಅವನು ಕದಲುವುದಕ್ಕೆ ಹಿಡಿದದ್ದು 0.146. ಫುಟ್‌ಬಾಲ್‌ನಲ್ಲಿ ಗುಂಡಿಲ್ಲವಲ್ಲ, ಅದನ್ನು ಕಳೆಯೋಣ. ಉಳಿದದ್ದು 4.20. ಜಗತ್ತು ಕಂಡ ಅತಿ ವೇಗದ 100 ಮೀಟರ್ ಓಟ, ಸ್ಟಾರ್ಟಿಂಗ್ ಬ್ಲಾಕು, ಮುಳ್ಳಿನ ಶೂ, ಒಳ್ಳೆಯ ಟ್ರ್ಯಾಕು. ಎಲ್ಲ ಇದ್ದೂ 40 ಗಜಕ್ಕೆ 4.20. ಅದು ಯಂತ್ರದ ಗಡಿಯಾರದಲ್ಲಿ. ಅಲ್ಲಿ ಕಂಬೈನ್‌ನ ಮನುಷ್ಯ ಗುಂಡಿ ಒತ್ತಿದ್ದಿದ್ದರೆ ಅವನದು 4 ಸೆಕೆಂಡಿನ ಹತ್ತಿರಕ್ಕೆ ಬರುತ್ತಿತ್ತು. 2019ರಲ್ಲಿ ಅಟ್ಲಾಂಟಾದ ಸೂಪರ್ ಬೌಲ್ (ಎನ್‌ಎಫ್‌ಎಲ್‌ನ ಫೈನಲ್ ಪಂದ್ಯ) ಸಮಯದಲ್ಲಿ, ಓಟದಿಂದ ನಿವೃತ್ತನಾಗಿದ್ದ ಇದೇ ಬೋಲ್ಟ್ ಟ್ರ್ಯಾಕ್ ಪ್ಯಾಂಟ್ ಹಾಕಿಕೊಂಡು ಸುಮ್ನೆ ಓಡಿ 4.22 ಅಂತ ಸುದ್ದಿಯಾಯಿತು. ಅದೂ ಕೈ ವಾಚೇ. ಇಷ್ಟು ನೋಡಿದ ಮೇಲೆ ಯಾವುದೋ ಹೈಸ್ಕೂಲಿನ ಹುಡುಗನ ಪ್ರೊಫೈಲ್‌ನಲ್ಲಿ 4.3 ಅಂತ ಕಂಡರೆ ಏನು ಅಂದುಕೊಳ್ಳಬೇಕು ಅಂತ ನೀವೇ ಹೇಳಿ.

ಇದೇ ದಾರಿಯಲ್ಲಿ ನಿಮ್ಮ ಮಗನ ಲೆಕ್ಕಕ್ಕೆ ಬರೋಣ. ಬೋಲ್ಟ್‌ನ 4.35 ಅವನ 9.58ರ ಶೇಕಡಾ 45. ಹೈಸ್ಕೂಲ್ ಹುಡುಗರು ಕೊನೆಯ 30 ಮೀಟರಿನಲ್ಲಿ ಬೋಲ್ಟ್‌ಗಿಂತ ಜಾಸ್ತಿ ಸೋಲುತ್ತಾರೆ, ಹಾಗಾಗಿ ಅವರ ಮೊದಲ ಭಾಗದ ಪಾಲು ಇನ್ನೂ ಸ್ವಲ್ಪ ಕಡಿಮೆ. ಆದರೆ ಫುಟ್‌ಬಾಲ್‌ನಲ್ಲಿ ಬ್ಲಾಕ್ ಇಲ್ಲ, ಹುಲ್ಲಿನ ಮೇಲೆ ಓಡಬೇಕು. ಒಂದಕ್ಕೊಂದು ಸರಿಹೋಯಿತು ಅಂತಿಟ್ಟುಕೊಳ್ಳಿ. 11.24ರ ಶೇಕಡಾ 45 ಅಂದರೆ 5.06. ಗುಂಡಿಗೆ ಕದಲುವ ಹೊತ್ತು 0.16 ಕಳೆಯಿರಿ. 4.90. ಮೊದಲ ಅಲುಗಾಟದಿಂದ ಹಿಡಿದು ಪೂರ್ತಿ ಯಂತ್ರದಲ್ಲಿ ಅಳೆದರೆ ನಿಮ್ಮ ಮಗ ಸುಮಾರು ಅಲ್ಲಿರುತ್ತಾನೆ. ಹೆದರಬೇಡಿ, ಫುಟ್‌ಬಾಲ್‌ನಲ್ಲಿ ಅಷ್ಟು ಕಟ್ಟುನಿಟ್ಟಾಗಿ ಯಾರೂ ಅಳೆಯುವುದಿಲ್ಲ.

ಕ್ಯಾಂಪಿನಲ್ಲಿ ಕೈ ಎತ್ತಿದಾಗ ಶುರುವಾಗುವ ಪ್ಯಾಡ್ ಇದ್ದಿರಬೇಕು. ಅಲ್ಲಿ 0.1ರಿಂದ 0.15 ಉಳಿತಾಯ. 4.75ರಿಂದ 4.80ರ ನಡುವೆ ಬರಬೇಕು, ಬಂದದ್ದು 4.74. ಸರಿಯಾಗಿದೆ. ಸ್ಕೂಲಿನ ವಾಚಿನಲ್ಲಿ ಶುರುವಿನ 0.2 ಹೋದರೆ 4.70. ಕೊನೆಯಲ್ಲಿ ಬೆರಳು 0.05 ಮುಂದಾದರೆ 4.65. ಎರಡು ಮೂರು ಸಲ ಓಡಿಸಿ, ಇಬ್ಬರು ವಾಚ್ ಹಿಡಿದು, ಬಂದದ್ದರಲ್ಲಿ ಅತಿ ಕಡಿಮೆಯದನ್ನು ಇಟ್ಟುಕೊಂಡಿದ್ದರೆ ಇನ್ನೊಂದು 0.1 ಹೋಗಲಿ. 4.55. ಅವತ್ತು ಹಿಂದಿನಿಂದ ಗಾಳಿ ಇದ್ದಿರಬಹುದು. ಟೆಕ್ಸಸ್‌ನ ಬಯಲಿನಲ್ಲಿ ವಸಂತದ ಗಾಳಿ ಹೇಗಿರುತ್ತದೆ ಅಂತ ನಿಮಗೆ ಹೇಳಬೇಕಾಗಿಲ್ಲ. ಶುರುವಿನ ಗೆರೆ ಅರ್ಧ ಗಜ ಮುಂದಿದ್ದರೂ 0.05 ಸಿಗುತ್ತದೆ, ಯಾಕಂದರೆ ಓಟದ ಕೊನೆಯಲ್ಲಿ ಹುಡುಗ ಸೆಕೆಂಡಿಗೆ 9 ಮೀಟರಿನ ಹತ್ತಿರ ಇರುತ್ತಾನೆ. ಹೀಗೆ 4.48ಕ್ಕೆ ಬಂದು ನಿಂತಿತು. ಯಾರೂ ಸುಳ್ಳು ಹೇಳಬೇಕಾಗಿಯೇ ಬರಲಿಲ್ಲ. ಒಬ್ಬೊಬ್ಬರೂ ಚೂರು ಚೂರು ಒಳ್ಳೆಯದನ್ನೇ ಬಯಸಿದರು.

ಹಾಗಂತ ಬೇಕೆಂದೇ ಸುಳ್ಳು ಹೇಳುವವರು ಇಲ್ಲ ಅಂತಲ್ಲ. ಆ ಅಂಕಿ ಕಡಿಮೆ ಇದ್ದರೆ ಯಾರಿಗೆ ಲಾಭ ಅಂತ ಯೋಚಿಸಿ. ಹುಡುಗನಿಗೆ ಲಾಭ. ಅವನ ಸ್ಕೂಲ್ ಕೋಚ್‌ಗೆ ಹೆಮ್ಮೆ. ದುಡ್ಡು ತಗೊಂಡು ತರಬೇತಿ ಕೊಡುವ ಟ್ರೇನರ್‌ಗೆ ಅದೇ ಜಾಹೀರಾತು. ಹುಡುಗರಿಗೆ ಸ್ಟಾರ್ ಕೊಡುವ ವೆಬ್‌ಸೈಟುಗಳಿಗೆ ಓದುಗರು. ಕೊನೆಗೆ ಅವನನ್ನು ಸೇರಿಸಿಕೊಂಡ ಕಾಲೇಜಿಗೂ ಲಾಭವೇ, ನಮ್ಮ ಹೊಸ ಹುಡುಗ 4.4 ಓಡುತ್ತಾನೆ ಅಂತ ಹೇಳಿಕೊಳ್ಳಬಹುದು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ದುಡ್ಡು ಮಾಡಬಹುದು ಅಂತಾದ ಮೇಲೆ ಇದು ಇನ್ನೂ ಜೋರಾಗಿದೆ. ತಿದ್ದಬೇಕು ಅಂತ ಅನ್ನಿಸುವವರು ಈ ಸಾಲಿನಲ್ಲಿ ಒಬ್ಬರೂ ಇಲ್ಲ. ಕಂಬೈನ್‌ವರೆಗೆ ಹೋಗುವ ಕೆಲವೇ ಕೆಲವರದು ಮಾತ್ರ ಬಯಲಾಗುತ್ತದೆ.

ಇದು ಅಮೆರಿಕದವರ ಚಾಳಿ ಮಾತ್ರ ಅಂದುಕೊಳ್ಳಬೇಡಿ. 2020ರ ಫೆಬ್ರವರಿ ನೆನಪಿದೆಯಾ? ಐಕಳದ ಕಂಬಳದಲ್ಲಿ ಮಿಜಾರಿನ ಶ್ರೀನಿವಾಸ ಗೌಡ 142.5 ಮೀಟರ್ ಕರೆಯನ್ನು (ಕೋಣ ಓಡಿಸುವ ಕೆಸರಿನ ದಾರಿ) 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಕ್ಯಾಲ್ಕುಲೇಟರ್ ಒತ್ತಿ 100 ಮೀಟರಿಗೆ 9.55 ಅಂದರು. ಬೋಲ್ಟ್‌ನ ದಾಖಲೆ ಮುರಿಯಿತು ಅಂತ ದೇಶವೆಲ್ಲ ಕುಣಿಯಿತು, ಕೇಂದ್ರದ ಕ್ರೀಡಾ ಮಂತ್ರಿಗಳು ಟ್ರಯಲ್‌ಗೆ ಕರೆದರು. ಅವರನ್ನು ಮುಂದಕ್ಕೆ ಎಳೆಯುವ ಎರಡು ಕೋಣಗಳನ್ನು ಎಲ್ಲರೂ ಮರೆತರು. ಕೆಸರು ನೀರಿನಲ್ಲಿ ಹಾಗೆ ಓಡೋದು ಸಾಮಾನ್ಯ ಕೆಲಸ ಅಲ್ಲ, ಅವರ ಕಾಲಿನ ಶಕ್ತಿಗೆ ನಾನು ಕೈ ಮುಗಿಯುತ್ತೇನೆ. ಆದರೆ ಆ ಟೈಮಿಂಗ್ ಕೋಣಗಳ ಜೋಡಿಯದು. ಗೌಡರೂ ಓಟದ ಹೆಗ್ಗಳಿಕೆ ಕೋಣಗಳಿಗೇ ಸಲ್ಲಬೇಕು ಅಂದರು, ಟ್ರಯಲ್‌ಗೆ ಹೋಗಲೂ ಇಲ್ಲ. ಇಡೀ ಗದ್ದಲದಲ್ಲಿ ಟೈಮಿಂಗ್ ಬಗ್ಗೆ ಸರಿಯಾಗಿ ಮಾತಾಡಿದವರು ಅವರೊಬ್ಬರೇ ಅಂತ ನನ್ನ ಅನಿಸಿಕೆ.

ಈಗ ಹೊಸ ಖಯಾಲಿ ಒಂದು ಬಂದಿದೆ. ಜಿಪಿಎಸ್ ಇರುವ ಬನಿಯನ್ ಹಾಕಿಕೊಂಡು ಓಡಿ, ಗಂಟೆಗೆ ಇಷ್ಟು ಮೈಲಿ ಅಂತ ಹಾಕುವುದು. ಎನ್‌ಎಫ್‌ಎಲ್ ಪಂದ್ಯಗಳಲ್ಲಿ ಆಟಗಾರರ ಭುಜದ ಪ್ಯಾಡಿನೊಳಗೆ ಚಿಪ್ ಇಟ್ಟು ಅಳೆಯುತ್ತಾರೆ. 2016ರಲ್ಲಿ ಟೈರೀಕ್ ಹಿಲ್ ಹಾಗೆ 23.24 ಮೈಲಿ ಮುಟ್ಟಿದ್ದ. ಪಂದ್ಯದೊಳಗೆ, ಹೆಲ್ಮೆಟ್ ಪ್ಯಾಡ್ ಹಾಕಿಕೊಂಡು ಓಡಿದ ವೇಗ ಅಂದರೆ ನನಗೂ ಆಸಕ್ತಿ ಇದೆ. ಪ್ರಾಕ್ಟೀಸಿನಲ್ಲಿ ಯಾವುದೋ ಯಂತ್ರ ಒಂದು ಕ್ಷಣ ತೋರಿಸಿದ ಅಂಕಿಯ ಫೋಟೊ ತೆಗೆದು ಹಾಕಿದರೆ ಅದಕ್ಕೂ ಕೈ ವಾಚಿನ ಗತಿಯೇ.

ಇಷ್ಟೆಲ್ಲ ಗೊತ್ತಿದ್ದೂ ಕಾಲೇಜು ಕೋಚ್‌ಗಳು ಮೋಸ ಹೋಗುತ್ತಾರಾ? ಬಹಳ ಮಟ್ಟಿಗೆ ಇಲ್ಲ. ಪ್ರೊಫೈಲ್‌ನ 40 ಗಜದ ಅಂಕಿಯನ್ನು ಅವರು ಓದಿ ಪಕ್ಕಕ್ಕಿಡುತ್ತಾರೆ. ಹುಡುಗ ಟ್ರ್ಯಾಕ್ ಓಡುತ್ತಾನಾ, 100 ಮೀಟರ್ ಎಷ್ಟು, ಗಾಳಿ ಎಷ್ಟಿತ್ತು ಅಂತ ಕೇಳುತ್ತಾರೆ. ಟೆಕ್ಸಸ್‌ನಲ್ಲಿ ಇದು ಇನ್ನೂ ಸುಲಭ. ಅಲ್ಲಿನ ಶಾಲಾ ಕ್ರೀಡೆಗಳನ್ನು ನೋಡಿಕೊಳ್ಳುವ ಯುಐಎಲ್ ಸಂಸ್ಥೆ ನಡೆಸುವ ದೊಡ್ಡ ಮೀಟ್‌ಗಳಲ್ಲಿ ಫೋಟೊ ಫಿನಿಶ್ ಇರುತ್ತದೆ, ಫಲಿತಾಂಶ ಎಲ್ಲರಿಗೂ ಸಿಗುತ್ತದೆ. ಆಮೇಲೆ ಪಂದ್ಯದ ವಿಡಿಯೊ ನೋಡುತ್ತಾರೆ. ಹಿಂದಿನಿಂದ ಓಡಿ ಬಂದು ಎದುರಾಳಿಯನ್ನು ಹಿಡಿಯುತ್ತಾನಾ, ಅಥವಾ ಅಂತರ ಹೆಚ್ಚಾಗುತ್ತಾ ಹೋಗುತ್ತದಾ? ಆಸಕ್ತಿ ಬಂದರೆ ತಮ್ಮದೇ ಕ್ಯಾಂಪಿಗೆ ಕರೆಸಿ ತಾವೇ ಓಡಿಸುತ್ತಾರೆ. ಒಂದೇ ದಿನ, ಒಂದೇ ಮೈದಾನ, ಒಂದೇ ಯಂತ್ರ ಅಂದರೆ ಅಂಕಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಅಲ್ಲಿ ಇಬ್ಬರು ಹುಡುಗರ ನಡುವೆ 0.1 ವ್ಯತ್ಯಾಸ ಇದ್ದರೆ ನಾನೂ ನಂಬುತ್ತೇನೆ. ಡಲ್ಲಾಸ್‌ನ ಕ್ಯಾಂಪಿನ ಅಂಕಿಯನ್ನು ಫ್ಲೋರಿಡಾದ ಇನ್ಯಾವುದೋ ಕ್ಯಾಂಪಿನ ಅಂಕಿಯ ಜೊತೆ ಇಟ್ಟು ರ್‍ಯಾಂಕ್ ಮಾಡುವುದನ್ನು ಮಾತ್ರ ನಂಬುವುದಿಲ್ಲ.

ವೇಗ ಇದ್ದ ಮಾತ್ರಕ್ಕೆ ಆಟ ಬರುವುದಿಲ್ಲ ಅನ್ನೋದಕ್ಕೆ ಮೇಲೆ ಹೇಳಿದ ಜಿಮ್ ಹೈನ್ಸ್‌ನೇ ಸಾಕ್ಷಿ. ಒಲಿಂಪಿಕ್ ಚಿನ್ನ ಗೆದ್ದು ಮಯಾಮಿ ಡಾಲ್ಫಿನ್ಸ್ ಫುಟ್‌ಬಾಲ್ ತಂಡ ಸೇರಿದ. ಚೆಂಡು ಕೈಯಲ್ಲಿ ನಿಲ್ಲಲಿಲ್ಲ. ಜೊತೆಯವರು ಅವನಿಗೆ 'ಊಪ್ಸ್' ಅಂತ ಹೆಸರಿಟ್ಟರು. ನಿಮ್ಮ ಊರಿನ ಪಕ್ಕದ ಡಲ್ಲಾಸ್ ಕೌಬಾಯ್ಸ್‌ಗೆ ಆಡಿದ ಬಾಬ್ ಹೇಯ್ಸ್ ಇನ್ನೊಂದು ಥರ. 1964ರ ಟೋಕಿಯೊದಲ್ಲಿ 100 ಮೀಟರ್ ಚಿನ್ನ, ಆಮೇಲೆ ಸೂಪರ್ ಬೌಲ್ ಉಂಗುರ. ಎರಡೂ ಇರುವವನು ಅವನೊಬ್ಬನೇ. ಕಂಬೈನ್‌ನಲ್ಲಿ 4.22 ಓಡಿದ ಜಾನ್ ರಾಸ್‌ನನ್ನು ಆ ವರ್ಷದ ಹೊಸ ಆಟಗಾರರಲ್ಲಿ ಒಂಬತ್ತನೆಯವನಾಗಿ ಆರಿಸಿಕೊಂಡರು, ಮೊದಲ ವರ್ಷ ಅವನು ಒಂದೂ ಕ್ಯಾಚ್ ಹಿಡಿಯಲಿಲ್ಲ. ಅದೇ 2017ರ ಕಂಬೈನ್‌ನಲ್ಲಿ 4.62 ಓಡಿದ ಕೂಪರ್ ಕಪ್ ಮುಂದೆ ಸೂಪರ್ ಬೌಲ್‌ನ ಶ್ರೇಷ್ಠ ಆಟಗಾರನಾದ. 2003ರಲ್ಲಿ ಆನ್‌ಕ್ವಾನ್ ಬೋಲ್ಡಿನ್ 4.7ರ ಆಸುಪಾಸಿನಲ್ಲಿ ಓಡಿದಾಗ ಇವನು ರಿಸೀವರ್ (ಎಸೆದ ಚೆಂಡು ಹಿಡಿಯುವವನು) ಆಗೋಕೆ ನಿಧಾನ ಅಂದರು. ಅವನು ಮೊದಲ ವರ್ಷವೇ 101 ಕ್ಯಾಚ್ ಹಿಡಿದ.

ನಿಮ್ಮ ಮಗನ ವಿಷಯದಲ್ಲಿ ಇನ್ನೂ ಒಂದು ಸಮಾಧಾನ ಇದೆ. ಅವನು ಲೈನ್‌ಬ್ಯಾಕರ್. ಕಂಬೈನ್‌ಗೆ ಬರುವ ಲೈನ್‌ಬ್ಯಾಕರ್‌ಗಳೇ 4.7ರ ಆಸುಪಾಸಿನಲ್ಲಿ ಓಡುತ್ತಾರೆ. ಅವರು ಇವನಿಗಿಂತ ನಾಲ್ಕೈದು ವರ್ಷ ದೊಡ್ಡವರು, ತಿಂಗಳುಗಟ್ಟಲೆ ಇದೊಂದನ್ನೇ ಅಭ್ಯಾಸ ಮಾಡಿ ಬಂದಿರುತ್ತಾರೆ. ಕಂಬೈನ್‌ನಲ್ಲಿ ಶುರು ಮಾಡುವುದು ಮನುಷ್ಯ ಅನ್ನೋದನ್ನು ಲೆಕ್ಕಕ್ಕೆ ತೆಗೆದುಕೊಂಡರೂ, 17ಕ್ಕೆ ಪ್ಯಾಡ್ ಮತ್ತು ಲೇಸರ್‌ನಲ್ಲಿ 4.74 ಅಂದರೆ ತಲೆ ತಗ್ಗಿಸುವ ಅಂಕಿ ಅಲ್ಲ. ಅವನು ಎದುರಾಳಿಯ ವೇಗದ ರಿಸೀವರ್‌ಗಳ ಬೆನ್ನು ಹತ್ತುವ ಕಾರ್ನರ್‌ಬ್ಯಾಕ್ ಆಗಿದ್ದರೆ ನಾನು ಬೇರೆ ಥರ ಬರೆಯುತ್ತಿದ್ದೆ.

ಮನೆಯಲ್ಲೇ ಅಳೆದು ನೋಡಬೇಕು ಅನ್ನಿಸಿದರೆ ಲೇಸರ್ ಕೊಳ್ಳಬೇಡಿ. ಜೇಬಿನಲ್ಲಿರುವ ಫೋನ್ ಸಾಕು. ಈಗಿನ ಬಹಳಷ್ಟು ಫೋನುಗಳ ಸ್ಲೋ ಮೋಷನ್‌ನಲ್ಲಿ ಸೆಕೆಂಡಿಗೆ 240 ಚಿತ್ರ ಬರುತ್ತವೆ, ಅಂದರೆ ಒಂದೊಂದಕ್ಕೂ 0.004 ಸೆಕೆಂಡ್. ದೂರವನ್ನು ಟೇಪಿನಲ್ಲಿ ಅಳೆಯಿರಿ, ಹೆಜ್ಜೆ ಹಾಕಿ ಅಳೆಯಬೇಡಿ. ಮುಗಿಯುವ ಗೆರೆಯ ನೇರಕ್ಕೆ, ಪಕ್ಕದಲ್ಲಿ ಹತ್ತು ಮೀಟರ್ ದೂರ ನಿಲ್ಲಿ. ಗೆರೆಯಿಂದ ಆಚೀಚೆ ಸರಿದರೆ ಎದೆ ಯಾವಾಗ ದಾಟಿತು ಅನ್ನೋದು ತಪ್ಪಾಗಿ ಕಾಣುತ್ತದೆ. ಫೋನನ್ನು ಮೊದಲು ಮಗನ ಕಡೆ ಹಿಡಿದು ರೆಕಾರ್ಡ್ ಒತ್ತಿ. ಅವನು ಹೊರಟ ಮೇಲೆ ಅವನ ಜೊತೆಯೇ ತಿರುಗಿಸುತ್ತಾ ಬಂದು ಗೆರೆಯ ಮೇಲೆ ನಿಲ್ಲಿಸಿ. ನಡುವೆ ನಿಲ್ಲಿಸಬಾರದು, ಒಂದೇ ವಿಡಿಯೊ ಆಗಬೇಕು. ಆಮೇಲೆ ಕಂಪ್ಯೂಟರಿನಲ್ಲಿ ಹಾಕಿ, ಅವನ ಮೈ ಮೊದಲು ಅಲುಗಿದ ಚಿತ್ರದಿಂದ ಎದೆ ಗೆರೆ ದಾಟಿದ ಚಿತ್ರದವರೆಗೆ ಎಷ್ಟು ಅಂತ ಎಣಿಸಿ 240ರಿಂದ ಭಾಗಿಸಿ. 1176 ಬಂದರೆ 4.90. ಕೈ ನೆಲ ಬಿಟ್ಟ ಚಿತ್ರದಿಂದಲೂ ಒಮ್ಮೆ ಎಣಿಸಿ ನೋಡಿ. ಒಂದೇ ಓಟಕ್ಕೆ ಎರಡು ಅಂಕಿ ಸಿಗುತ್ತವೆ. ಅದನ್ನು ಮಗನ ಪಕ್ಕ ಕೂತು ಮಾಡಿ. ನನ್ನ ಈ ಉದ್ದದ ಪತ್ರಕ್ಕಿಂತ ಅದು ಅವನಿಗೆ ಬೇಗ ಅರ್ಥವಾಗುತ್ತದೆ.

ಇನ್ನು ಪ್ರೊಫೈಲ್. 4.48 ತೆಗೆದುಹಾಕಿ. ಅದರ ಜಾಗದಲ್ಲಿ 4.74 ಬರೆದು, ಪಕ್ಕದಲ್ಲೇ ಲೇಸರ್, ಕ್ಯಾಂಪಿನ ಹೆಸರು, ತಾರೀಖು ಹಾಕಿ. ಅದರ ಮೇಲುಗಡೆ, ಮೊದಲು ಕಣ್ಣಿಗೆ ಬೀಳುವ ಹಾಗೆ, 100 ಮೀಟರ್ 11.24 ಅಂತ ಬರೆದು ಮೀಟ್‌ನ ಹೆಸರು ಮತ್ತು ಗಾಳಿಯ ಅಂಕಿ ಕೊಡಿ. 11.24 ಓಡುವ ಲೈನ್‌ಬ್ಯಾಕರ್ ಅಂದರೆ ಕೋಚ್ ನಿಂತು ನೋಡುತ್ತಾನೆ. ಎಲ್ಲರೂ ಕಡಿಮೆ ಹಾಕುತ್ತಾರೆ ಅನ್ನೋದು ನಿಜ. ಎಲ್ಲರೂ ಹಾಕುತ್ತಾರೆ ಅಂತ ಕೋಚ್‌ಗೂ ಗೊತ್ತಿರುವುದರಿಂದ ಸುಮ್ನೆ ಬರೆದ ಅಂಕಿಗೆ ಅವನು ಮನಸ್ಸಿನಲ್ಲೇ 0.2 ಕೂಡಿಸಿಕೊಳ್ಳುತ್ತಾನೆ. ಲೇಸರ್ ಅಂತ ಬರೆದದ್ದಕ್ಕೆ ಹಾಗೆ ಮಾಡುವುದಿಲ್ಲ. 4.48 ಅಂತ ಹೇಳಿಕೊಂಡು ಅವನ ಎದುರು 4.7 ಓಡಿದರೆ ಆ ಹುಡುಗನ ಬೆಂಚ್ ಪ್ರೆಸ್, ತೂಕ, ಎತ್ತರ ಎಲ್ಲದರ ಮೇಲೂ ಅನುಮಾನ ಬರುತ್ತದೆ. 4.74 ಅಂತ ಹೇಳಿ 4.7 ಓಡಿದರೆ ಅಂಥ ತೊಂದರೆ ಇಲ್ಲ. ಸ್ಕೂಲ್ ಕೋಚ್ ಜೊತೆ ಜಗಳ ಆಡಬೇಡಿ. ಲೇಸರ್‌ನದು ಬಂದಿದೆ, ಅದನ್ನು ಹಾಕೋಣ ಸರ್ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಒಂದು ಕೆಲಸ ಮಾತ್ರ ಮರೆಯದೆ ಮಾಡಿ. ಕ್ಯಾಂಪಿನವರಿಗೆ ಮೇಲ್ ಹಾಕಿ ಮೊದಲ 10 ಗಜದ ಟೈಮಿಂಗ್ ಇದೆಯಾ ಕೇಳಿ, ನಡುವೆ ಕಿರಣ ಇಟ್ಟಿದ್ದರೆ ಅವರ ಹತ್ತಿರ ಇರುತ್ತದೆ. ಲೈನ್‌ಬ್ಯಾಕರ್ ಪಂದ್ಯದಲ್ಲಿ 40 ಗಜ ನೇರ ಓಡುವುದೇ ಅಪರೂಪ. ಅವನ ಕೆಲಸ ಎಲ್ಲ ಆ ಮೊದಲ ಕೆಲವು ಹೆಜ್ಜೆಗಳಲ್ಲಿ ಇರುತ್ತದೆ, ಕೋಚ್‌ಗಳು ಅದನ್ನೇ ಹುಡುಕುತ್ತಾರೆ. ಅದು 1.6 ಆಸುಪಾಸಿನಲ್ಲಿದ್ದರೆ 4.74ರ ಪಕ್ಕದಲ್ಲೇ ಹಾಕಿ. 1.7 ದಾಟಿದ್ದರೆ ಈ ಬೇಸಿಗೆಯಲ್ಲಿ ಯಾವುದರ ಮೇಲೆ ಕೆಲಸ ಮಾಡಬೇಕು ಅನ್ನೋದು ಗೊತ್ತಾದ ಹಾಗಾಯಿತು. ಆಗ ಮತ್ತೆ ಬರೆಯಿರಿ, ಅದಕ್ಕೆ ಬೇಕಾದ ಅಭ್ಯಾಸಗಳನ್ನು ತಿಳಿಸುತ್ತೇನೆ.